ಮಾಳಪ್ಪನ ಫೋಟೋಗೆ ಹಾಕಿದ ಹಾರ

ಕೊಳೆಯಲು ಹತ್ತಿದ ಚೆಂಡುಹೂವಿಗೆ ಒಂದು ವಾಸನೆ ಇರುತ್ತದೆ. ಮಳೆಗಾಲದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅದಕ್ಕೆ ಊದಿನಕಡ್ಡಿಯ ಹೊಗೆ ಸೇರಿದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಮೊದಲು ಹೀಗಿರಲಿಲ್ಲ. ಈ ಶ್ರಾವಣದಲ್ಲಿ ಬಸವಕಲ್ಯಾಣದ ಕೋಟೆ ರಸ್ತೆಯ ಸಭಾಭವನಕ್ಕೆ ಹೋಗಬೇಕಾಯಿತು. ಹುಮನಾಬಾದಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನ್ನ ಜೊತೆ ಪಾಠ ಮಾಡಿದ ಗೆಳತಿಯ ಸನ್ಮಾನ. ಆ ಭವನದ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಎಂದೋ ಆಣೆ ಹಾಕಿಕೊಂಡಿದ್ದೆ. ಆಣೆ ಹಾಕಿದವಳೂ ನಾನೇ, ಕೇಳಿಸಿಕೊಂಡವಳೂ ನಾನೇ, ಹಾಗಾಗಿ ಮುರಿಯುವುದು ಕಷ್ಟವಾಗಲಿಲ್ಲ.

ಒಳಗೆ ಗೋಡೆಯ ಮೇಲೆ ಸಾಲಾಗಿ ಫೋಟೋಗಳು. ಸ್ವಾಮಿಗಳು, ಹೋರಾಟಗಾರರು, ಭವನಕ್ಕೆ ಜಾಗ ಕೊಟ್ಟ ಸಾಹುಕಾರರು. ಕಾರ್ಯಕ್ರಮ ಇದ್ದ ದಿನ ಎಲ್ಲರಿಗೂ ಒಂದೊಂದು ಹಾರ ಹಾಕಿ, ಕೆಳಗೆ ಊದಿನಕಡ್ಡಿ ಸಿಕ್ಕಿಸುವುದು ಅಲ್ಲಿನ ರೂಢಿ. ಸಾಲಿನ ಕೊನೆಗೆ, ಬಾಗಿಲ ಹತ್ತಿರ, ಚೌಕಳಿ ಅಂಗಿ ತೊಟ್ಟ ಒಬ್ಬ ಗಂಡಸಿನ ಫೋಟೋ. ಅಷ್ಟು ಜನ ಹಿರಿಯರ ನಡುವೆ ಅವನೊಬ್ಬನೇ ಹಲ್ಲು ಕಾಣುವಂತೆ ನಗುತ್ತಿದ್ದ. ಗಾಜಿನ ಮೇಲೆ, ಹಣೆಗೆ ಸರಿಯಾಗಿ, ಒಂದು ಕುಂಕುಮದ ಬೊಟ್ಟು. ಹಳೆಯದು, ಒಣಗಿ ಕಪ್ಪಾಗಿತ್ತು.

"ಇವರು ಯಾರು?" ಎಂದು ಭವನ ನೋಡಿಕೊಳ್ಳುವವನನ್ನು ಕೇಳಿದೆ. ಗೊತ್ತಿದ್ದೇ ಕೇಳಿದೆ.

"ಯಾರೋ ದೊಡ್ಡ ಮಂದಿ ಅಂತ್ರಿ. ಪೇಪರಿನವರು. ಹೊರದೇಶದಾಗ ತೀರಿಕೊಂಡಾರ. ನಾ ಕೆಲಸಕ್ಕ ಬಂದಾಗಿಂದ ಇಲ್ಲೇ ಅದ ನೋಡ್ರಿ ಈ ಫೋಟೋ."

ತೀರಿಕೊಂಡಿಲ್ಲ. ಕೊಲ್ಲಿಯ ಒಂದು ದೇಶದ ಜೈಲಿನಲ್ಲಿ ಉಸಿರಾಡುತ್ತಿದ್ದಾನೆ. ಹೆಸರು ಮಾಳಪ್ಪ, ಊರು ಮನ್ನಾಏಖೇಳ್ಳಿ. ಅವನನ್ನು ಸಾಯಿಸಿದ್ದು ಆ ದೇಶದ ದೊರೆಯಲ್ಲ. ಇದೇ ಭವನದಲ್ಲಿ, ಒಂದು ಮಳೆಗಾಲದ ಮಧ್ಯಾಹ್ನ, ಅವನ ಬಿಡುಗಡೆಗೆಂದೇ ಸೇರಿದ್ದ ಸಭೆ.

ಆ ವರ್ಷ ಮಿರಗದ, ಅಂದರೆ ಮೃಗಶಿರೆಯ, ಮಳೆ ಚೆನ್ನಾಗಿ ಹಿಡಿಯಿತು. ಹೆಸರುಕಾಳು, ಉದ್ದು ಮೊಣಕಾಲ ಮಟ್ಟ ಬಂದವು. ಬಿಡಿಸುವ ಹೊತ್ತಿಗೆ ಸರಿಯಾಗಿ ಜಡಿಮಳೆ ಹಿಡಿದು, ಬಿಸಿಲೇ ಕಾಣದೆ, ಕಾಯಿ ಗಿಡದಲ್ಲೇ ಮೊಳಕೆ ಒಡೆದವು. ನಮ್ಮ ಕಡೆಯ ರೈತರು ಇವತ್ತಿಗೂ ಆ ವರ್ಷ ನೆನೆದರೆ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನನಗೆ ಅದರ ನೆನಪು ಇರುವುದು ಬೇರೆ ಕಾರಣಕ್ಕೆ.

ಆಗ ನಾನು ಬಸವಕಲ್ಯಾಣದ ಒಂದು ಸಮಿತಿಯಲ್ಲಿದ್ದೆ. ಜಗತ್ತಿನ ಯಾವ ಮೂಲೆಯಲ್ಲಿ ಪತ್ರಕರ್ತರನ್ನು ಜೈಲಿಗೆ ಹಾಕಿದರೂ ಈ ಸಮಿತಿ ಕೋಟೆ ರಸ್ತೆಯಲ್ಲಿ ಅದನ್ನು ಖಂಡಿಸುತ್ತಿತ್ತು. ಖಂಡನೆ ಆ ದೇಶಗಳಿಗೆ ಮುಟ್ಟುತ್ತಿತ್ತೋ ಇಲ್ಲವೋ, ಚಹಾ ಮತ್ತು ಮಂಡಕ್ಕಿಯ ಸುಸಲಾ ಮಾತ್ರ ನಮಗೆ ತಪ್ಪದೆ ಮುಟ್ಟುತ್ತಿತ್ತು. ಅಧ್ಯಕ್ಷರು ಒಬ್ಬ ನಿವೃತ್ತ ಪ್ರಿನ್ಸಿಪಾಲರು. ಒಳ್ಳೆಯ ಮಾತುಗಾರರು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಪ್ರತಿ ಸಭೆಯಲ್ಲೂ ಪ್ರತಿ ಭಾಷಣಕಾರರೂ ಒಂದೇ ಮಾತಿನಿಂದ ಶುರುಮಾಡುತ್ತಿದ್ದರು: ಇದು ಶರಣರು ಮಾತಿಗೆ ಮಂಟಪ ಕಟ್ಟಿದ ನೆಲ. ಎಷ್ಟೋ ದೂರದ ದೇಶದ ಒಬ್ಬ ಪತ್ರಕರ್ತೆಗಾಗಿ ಹಿಂದಿನ ಚಳಿಗಾಲದಲ್ಲಿ ದೊಡ್ಡ ಸಭೆ ಮಾಡಿದ್ದೆವು. ಅವಳ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಆದರೂ ನಾನು ಮನಸಾರೆ ಹೋಗುತ್ತಿದ್ದೆ. ಖರೆ ಹೇಳಿದ್ದಕ್ಕೆ ಯಾರನ್ನೂ ಕತ್ತಲಲ್ಲಿ ಇಡಬಾರದು ಅನ್ನುವುದು ನನಗೆ ಆಗಲೂ ಈಗಲೂ ದೊಡ್ಡ ಮಾತೇ.

ಮುಂಗಾರು ಹಿಡಿದ ಹೊಸದರಲ್ಲಿ ಜಗದೇವಿ ನಮ್ಮ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಕುರಿ ಕಾಯುವವರ ಮನೆಗೆ ಸೊಸೆಯಾಗಿ ಹೋದವಳು. ಸೆರಗಿಗೆ ಒದ್ದೆ ಉಣ್ಣೆಯ ವಾಸನೆ. ಚಹಾ ಕೊಟ್ಟರೆ ಕುಡಿಯಲಿಲ್ಲ.

"ಟೀಚರ್ರೀ, ನಮ್ಮ ಮನ್ಯಾಗಿನವರಿಗಿ ಹಿಡಕೊಂಡು ಹೋಗ್ಯಾರ. ಅಲ್ಲೇ, ದೇಶ ಬಿಟ್ಟ ದೇಶದಾಗ."

ಅವಳ ಗಂಡ ಮಾಳಪ್ಪ ನನಗೆ ಗೊತ್ತಿದ್ದವನೇ. ಹುಮನಾಬಾದಿನ ಕಾಲೇಜಿಗೆ ಬರುತ್ತಿದ್ದಾಗಲೇ ಊರಿನ ಸುದ್ದಿ ಬರೆದು ಒಂದು ವಾರಪತ್ರಿಕೆಗೆ ಕೊಡುತ್ತಿದ್ದ. ಕುಡಿಯುವ ನೀರಿನ ಟ್ಯಾಂಕು ಸೋರಿದ್ದು, ದವಾಖಾನೆಗೆ ಬೀಗ ಬಿದ್ದದ್ದು. ಪತ್ರಿಕೆ ಮುಚ್ಚಿತು. ಅವನು ಕೊಲ್ಲಿಗೆ ಹೋಗಿ ಕೂಲಿಕಾರರನ್ನು ಕ್ಯಾಂಪಿನಿಂದ ಕೆಲಸದ ಜಾಗಕ್ಕೆ ಒಯ್ಯುವ ವ್ಯಾನಿನ ಡ್ರೈವರ್ ಆದ. ಸುದ್ದಿಯ ಚಟ ಮಾತ್ರ ಬಿಡಲಿಲ್ಲ. ಮೊಬೈಲಿನಲ್ಲಿ ಒಂದು ಸಣ್ಣ ಚಾನೆಲ್ ಶುರುಮಾಡಿ, ಕನ್ನಡ, ಮರಾಠಿ, ನಮ್ಮ ಕಡೆಯ ಉರ್ದು ಎಲ್ಲ ಕಲಸಿ ಮಾತಾಡುತ್ತಿದ್ದ. ಯಾವ ಕ್ಯಾಂಪಿನಲ್ಲಿ ನೀರಿಲ್ಲ, ಯಾವ ಮಾಲೀಕ ಪಾಸ್‌ಪೋರ್ಟು ಹಿಡಿದಿಟ್ಟುಕೊಂಡಿದ್ದಾನೆ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಬೀದರಿನಿಂದ ಲಾತೂರಿನವರೆಗಿನ ಕೂಲಿಗಳು ಕೆಲಸ ಬಿಟ್ಟ ಮೇಲೆ ಅದನ್ನು ಕೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಒಬ್ಬ ಕೂಲಿಯವನು ನಡುಮಧ್ಯಾಹ್ನ ಕಟ್ಟಡದ ಮಾಳಿಗೆಯ ಮೇಲೆ ಬಿಸಿಲಿಗೆ ಕುಸಿದು ಬಿದ್ದು ಸತ್ತ. ಮಂಠಾಳದ ಆಚೆ, ಗಡಿ ದಾಟಿದರೆ ಮರಾಠಿ ಸೀಮೆಯಲ್ಲಿ ಸಿಗುವ ಒಂದು ಹಳ್ಳಿಯವನು. ಕಂಪನಿಯವರು ಅವನು ಕೋಣೆಯಲ್ಲಿ ಮಲಗಿದ್ದಲ್ಲೇ ಸತ್ತ ಎಂದು ಬರೆದರು. ಕೆಲಸದಲ್ಲಿ ಸತ್ತರೆ ಹೆಂಡತಿಗೆ ಪರಿಹಾರ ಕೊಡಬೇಕು, ಮಲಗಿದ್ದಲ್ಲಿ ಸತ್ತರೆ ಕೊಡಬೇಕಿಲ್ಲ. ಮಾಳಪ್ಪ ಆ ಮಾಳಿಗೆ ಹತ್ತಿ, ಜಾಗ ತೋರಿಸಿ, ಕೂಡಿ ಕೆಲಸ ಮಾಡಿದವರ ಬಾಯಿಂದ ಹೇಳಿಸಿ ವಿಡಿಯೋ ಹಾಕಿದ. ಎರಡನೆಯ ದಿನ ಪೊಲೀಸರು ಬಂದರು. ದೇಶದ ಹೆಸರಿಗೆ ಮಸಿ ಬಳಿದ ಎಂದು ಕೇಸು, ವರ್ಷಗಟ್ಟಲೆ ಶಿಕ್ಷೆ.

ಅಲ್ಲಿ ಒಂದು ದಾರಿ ಬಿಟ್ಟಿದ್ದರು. ನಾನು ತೋರಿಸಿದ್ದು ಸುಳ್ಳು, ಮಾಫಿ ಮಾಡಿರಿ ಎಂದು ಬರೆದು ಸಹಿ ಹಾಕಿದರೆ ಮುಂದಿನ ವಿಮಾನಕ್ಕೆ ಹತ್ತಿಸುತ್ತಾರೆ. ತಿಂಗಳಿಗೊಮ್ಮೆ ಮನೆಗೆ ಫೋನು ಮಾಡಲು ಬಿಡುತ್ತಿದ್ದರು. ಒಮ್ಮೆ ಆ ಫೋನು ಜಗದೇವಿ ನಮ್ಮ ಮನೆಯಲ್ಲಿದ್ದಾಗ ಬಂತು. ಅವಳು ಅಂಗಲಾಚಿದಳು.

"ಹಾಕ್ರೀ ಸಹಿ. ಒಂದ ಕಾಗದ ಅಷ್ಟ. ಇಲ್ಲಿ ಬಂದು ಬೇಕಾದ್ದು ಮಾತಾಡ್ರಿ."

"ಸುಳ್ಳ ಅಂತ ನಾ ಬರಕೊಟ್ರ ಆ ಸತ್ತವನ ಹೆಂಡ್ತಿಗಿ ಏನೂ ಸಿಗಂಗಿಲ್ಲ ಜಗದೇವಿ. ಪರಿಹಾರದ ಕೇಸ್ ನಡದದ. ನನ್ನ ವಿಡಿಯೋ ಬಿಟ್ರ ಆಕಿ ಕಡಿ ಮತ್ತೇನೂ ಇಲ್ಲ."

"ಆಕಿ ಫಿಕರ್ ಅದ ನಿಮಗ. ನಂದು?"

ಫೋನು ಕಟ್ಟಾಯಿತು. ಜೈಲಿನವರೇ ಕಟ್ಟು ಮಾಡಿದರೋ, ಹೊತ್ತು ಮುಗಿಯಿತೋ ತಿಳಿಯಲಿಲ್ಲ. ಜಗದೇವಿ ಸತ್ಯವಂತ ಗಂಡನನ್ನು ಕಟ್ಟಿಕೊಂಡ ತನ್ನ ಹಣೆಬರಹವನ್ನು ಬೈದುಕೊಂಡು ಅತ್ತಳು. ನನಗೂ ಅವಳ ಮಾತೇ ಸರಿ ಅನಿಸಿತ್ತು.

ನಾನು ಅವಳನ್ನು ಸಮಿತಿಗೆ ಕರೆದುಕೊಂಡು ಹೋದೆ. ಡ್ರೈವರನನ್ನು ಪತ್ರಕರ್ತ ಅನ್ನಬಹುದೇ ಎಂದು ಒಬ್ಬಿಬ್ಬರು ಮೂಗು ಮುರಿದರು. ಅಧ್ಯಕ್ಷರು ಮಾತ್ರ ಕಣ್ಣರಳಿಸಿದರು. "ನಮ್ಮ ತಾಲೂಕಿನ ಪಕ್ಕದ ಮನುಷ್ಯ! ನಮ್ಮ ನೆಲದವರು!" ಎಂದು ಎದ್ದು ನಿಂತೇಬಿಟ್ಟರು. ಈ ಸಲದ ಸಭೆಗೆ ದಿಲ್ಲಿಯಲ್ಲಿ ವಜನು ಇರುವ ಒಬ್ಬ ದೊಡ್ಡ ಮನುಷ್ಯರನ್ನು ಮುಖ್ಯ ಅತಿಥಿಯಾಗಿ ಕರೆಯುವುದು, ಅವರ ಕೈಯಿಂದ ವಿದೇಶಾಂಗ ಇಲಾಖೆಗೆ ಪತ್ರ ಬರೆಸುವುದು ಎಂದು ತೀರ್ಮಾನವಾಯಿತು. ಅವರು ಒಂದು ಮಾತು ಹೇಳಿದರೆ ಸಹಿಯೂ ಬೇಡ, ಮಾಫಿಯೂ ಬೇಡ, ಮಾಳಪ್ಪ ದೀಪಾವಳಿಗೆ ಮನೆಯಲ್ಲಿರುತ್ತಾನೆ. ಜಗದೇವಿ ತನ್ನ ಹತ್ತಿರ ಇದ್ದ ಒಳ್ಳೆಯ ಫೋಟೋವನ್ನು ದೊಡ್ಡದು ಮಾಡಿಸಲು ಕೊಟ್ಟಳು. ಚೌಕಳಿ ಅಂಗಿಯದು.

ಸಭೆಯ ದಿನ ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಜಗದೇವಿಗಾಗಿ ಕಾದೆ. ಮೊಳಕೆ ಒಡೆದ ಹೆಸರುಕಾಯಿಯನ್ನು ಆದಷ್ಟು ಬಿಡಿಸಿಟ್ಟು ಅವಳು ಬರುವಷ್ಟರಲ್ಲಿ ತಡವಾಗಿತ್ತು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡಿದ್ದಳು. ಕಲ್ಯಾಣ ಮುಟ್ಟಿ ಭವನದ ಬಾಗಿಲಿಗೆ ಬಂದಾಗ ಒಳಗೆ ಎಲ್ಲರೂ ಎದ್ದು ನಿಂತಿದ್ದರು. ತಲೆ ತಗ್ಗಿಸಿ ಮೌನವಾಗಿದ್ದರು.

ವೇದಿಕೆಯ ಮೇಲೆ ಕುರ್ಚಿ. ಕುರ್ಚಿಯ ಮೇಲೆ ಮಾಳಪ್ಪನ ಫೋಟೋ. ಕೊರಳಿಗೆ ಚೆಂಡುಹೂವಿನ ದೊಡ್ಡ ಹಾರ, ಹಣೆಗೆ ಕುಂಕುಮ, ಮುಂದೆ ದೀಪ, ಊದಿನಕಡ್ಡಿ.

ಜಗದೇವಿ ನನ್ನ ರಟ್ಟೆ ಹಿಡಿದಳು. ದನಿ ಇಲ್ಲದ ದನಿಯಲ್ಲಿ ಕೇಳಿದಳು, "ಟೀಚರ್ರೀ, ಸುದ್ದಿ ಯಾವಾಗ ಬಂತು?"

ಏನೂ ಆಗಿಲ್ಲ, ಇದು ಕಾರ್ಯಕ್ರಮ ಶುರುಮಾಡುವ ರೀತಿ ಅಷ್ಟೇ ಎಂದು ನಾನು ಹೇಳಬೇಕಾಯಿತು. ಹೇಳುತ್ತಿದ್ದಂತೆ ನನಗೇ ನಾಚಿಕೆಯಾಯಿತು. ಮಹಾತ್ಮರ ಜಯಂತಿಗೂ ಹಾರ, ದೀಪ, ಪುಣ್ಯತಿಥಿಗೂ ಹಾರ, ದೀಪ. ನಮಗೆ ಫೋಟೋ ಕಂಡರೆ ಸಾಕು, ಕೈ ತಾನಾಗಿ ಹೂವಿಗೆ ಹೋಗುತ್ತದೆ. ಆ ಪರದೇಶದ ಪತ್ರಕರ್ತೆಯ ಫೋಟೋಗೂ ಹೀಗೆಯೇ ಹಾಕಿ, ಹೀಗೆಯೇ ನಿಂತಿದ್ದರು. ಅವಳ ಮನೆಯವರು ಯಾರೂ ಬಾಗಿಲಲ್ಲಿ ಇರಲಿಲ್ಲ, ಹಾಗಾಗಿ ಯಾರಿಗೂ ಏನೂ ಅನಿಸಿರಲಿಲ್ಲ.

ಜಗದೇವಿ ನಡುವಿನ ದಾರಿಯಲ್ಲಿ ನೆಟ್ಟಗೆ ನಡೆದು ಹೋಗಿ ವೇದಿಕೆ ಹತ್ತಿದಳು. ಹಾರ ತೆಗೆದು ಕೆಳಗೆ ಇಟ್ಟಳು. ದೀಪವನ್ನು ಕೈಯಿಂದ ಒತ್ತಿ ಆರಿಸಿದಳು. ಹಾರ ಹಾಕಿದ ಮುಖ್ಯ ಅತಿಥಿ ಅಲ್ಲೇ ಒಂದು ಮಾರು ದೂರದಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಸದ್ದಿಗೆ ಕಣ್ಣು ಬಿಟ್ಟರು.

"ಇದು ಗೌರವ ತಾಯಿ, ಗೌರವ," ಎಂದು ಅಧ್ಯಕ್ಷರು ಓಡಿ ಬಂದರು. "ಎಲ್ಲಾ ಕಾರ್ಯಕ್ರಮದಾಗ ಹಾಕ್ತೇವಿ."

"ನಿಮ್ಮ ಮನ್ಯಾಗ ನಿಮ್ಮ ಫೋಟೋಕ್ಕ ಹಾಕ್ಯಾರೇನ್ರಿ ಸಾಹೇಬ್ರ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಮುಖ್ಯ ಅತಿಥಿಗೆ ತಾಗಿದ್ದು ಎಂದು ಆಮೇಲೆ ತಿಳಿಯಿತು. ಭಾಷಣ ಮಾಡದೆ, ಪತ್ರಕ್ಕೆ ಸಹಿ ಹಾಕದೆ, ಕಾರು ಹತ್ತಿ ಹೋದರು. ನಾವೂ ಹೊರಬಿದ್ದೆವು. ನಾವು ಹೋದ ಮೇಲೆ ಹಾರವನ್ನು ಎತ್ತಿ ಮತ್ತೆ ಫೋಟೋಗೆ ಹಾಕಿದರಂತೆ. ಕಾರ್ಯಕ್ರಮ ಮುಂದೆ ನಡೆಯಬೇಕಲ್ಲ.

ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. ಮೌನಾಚರಣೆಯ ಫೋಟೋ ತೆಗೆದು ಯಾರೋ ಮೊಬೈಲ್ ಗುಂಪುಗಳಿಗೆ ಬಿಟ್ಟಿದ್ದರು, ಕೆಳಗೆ 'ನಮ್ಮ ಹೆಮ್ಮೆಯ ಪತ್ರಕರ್ತನಿಗೆ ಭಾವಪೂರ್ಣ ನಮನ' ಎಂದು ಬರೆದು. ಬಸ್ಸಿಗಿಂತ ಸುದ್ದಿ ಮುಂದೆ ಹೋಯಿತು. ಮನ್ನಾಏಖೇಳ್ಳಿಯಲ್ಲಿ ಇಳಿದು ಓಣಿಗೆ ಬಂದರೆ ಮನೆಯ ಮುಂದೆ ಜನ. ಹಟ್ಟಿಯಲ್ಲಿ ಕುರಿಗಳು ಮೇವಿಲ್ಲದೆ ಒದರುತ್ತಿದ್ದವು. ಜಗದೇವಿಯ ಅತ್ತೆ ಭೀಮವ್ವ ಕಟ್ಟೆಯ ಮೇಲೆ ಕೂತು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಸಾವಿನ ಸ್ನಾನಕ್ಕೆಂದು ಹಂಡೆಯಲ್ಲಿ ನೀರು ಕಾಯುತ್ತಿತ್ತು. ಬಂದವರೆಲ್ಲ ಜಗದೇವಿಯ ಹಣೆಯನ್ನೇ ನೋಡಿದರು.

"ಗಂಡನ ಫೋಟೋಕ್ಕ ಹಾರ ಬಿತ್ತು, ಕುಂಕುಮ ಹ್ಯಾಂಗ ಇಟಗೊಂಡು ಬಂದಾಳ ನೋಡು ಇಕಿ," ಎಂದು ಒಬ್ಬಳು ಅಂದಳು. ಮೆಲ್ಲಗೆ ಅನ್ನಲೂ ಇಲ್ಲ.

ಜಗದೇವಿ ಹೇಳಿದಳು, ನಾನು ಹೇಳಿದೆ, ಗಂಟಲು ಹರಿದುಕೊಂಡು ಹೇಳಿದೆವು. ಜೀವಂತ ಹಾನ, ಅದು ಬರೀ ಸಭಾ ಇತ್ತು ಎಂದರೆ ಯಾರು ಕೇಳಬೇಕು? ಜೀವಂತ ಇದ್ದವನಿಗೆ ಓದಿದ ಮಂದಿ ಹಾರ ಯಾಕೆ ಹಾಕುತ್ತಾರೆ, ಪ್ರಿನ್ಸಿಪಾಲ ಸಾಹೇಬರಿಗೆ ಅಷ್ಟು ತಿಳಿಯುವುದಿಲ್ಲವೇ? ಮಾಳಪ್ಪನ ದನಿ ಕೇಳಿಸಿದರೆ ಸಾಕಿತ್ತು. ಆದರೆ ಆ ತಿಂಗಳು ಜೈಲಿನಿಂದ ಫೋನೇ ಬರಲಿಲ್ಲ.

ನಾನು ಅಧ್ಯಕ್ಷರ ಮನೆಗೆ ಹೋದೆ. ಹೆಚ್ಚೇನೂ ಬೇಡ, ಮಾಳಪ್ಪ ಬದುಕಿದ್ದಾನೆ, ಹಾರ ಹಾಕಿದ್ದು ತಪ್ಪಾಯಿತು ಎಂದು ಸಮಿತಿಯ ಹೆಸರಲ್ಲಿ ನಾಲ್ಕು ಸಾಲು ಬರೆದು ಅದೇ ಗುಂಪುಗಳಿಗೆ ಹಾಕಿರಿ ಎಂದೆ. ಅವರು ಕನ್ನಡಕ ಒರೆಸಿದರು.

"ತಪ್ಪಾಯ್ತು ಅಂತ ಬರದ್ರ ಮುಖ್ಯ ಅತಿಥಿಗಳು ತಪ್ಪು ಮಾಡ್ಯಾರ ಅಂದಂಗ ಆಗ್ತದ್ರಿ ಮೇಡಂ. ಮೊದಲೇ ಸಿಟ್ಟಿಲೆ ಹೋಗ್ಯಾರ. ಇದನ್ನ ದೊಡ್ಡದು ಮಾಡಬ್ಯಾಡ್ರಿ. ಸಮಿತಿ ಒಳಗಿನ ಮಾತು ಹೊರಗ ಆಡಬ್ಯಾಡ್ರಿ."

ಮಾತಿನ ಹಕ್ಕಿಗಾಗಿ ಕಟ್ಟಿದ ಸಮಿತಿ ನನಗೆ ಬಾಯಿ ಮುಚ್ಚಿಕೊಂಡಿರಿ ಅಂದಿತು, ಅದೂ ಬಹುವಚನದಲ್ಲಿ. ನಾನೇ ನಾಲ್ಕು ಸಾಲು ಬರೆದು ಗುಂಪಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಸಾಲೂ ಕಾಣಲಿಲ್ಲ, ಗುಂಪಿನಲ್ಲಿ ನಾನೂ ಕಾಣಲಿಲ್ಲ.

ಆಗ ಜಗದೇವಿಗೇ ಹೊಳೆದದ್ದು ಮೈಕಿನ ಆಟೋ. ಹುಮನಾಬಾದಿನ ಖಾಜಾಮಿಯಾನ ಆಟೋ ಸುತ್ತಮುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಯಾರಾದರೂ ತೀರಿಕೊಂಡರೆ ಮಣ್ಣು ಎಷ್ಟು ಹೊತ್ತಿಗೆ, ಎಲ್ಲಿ ಎಂದು ಸಾರಿ ಬರುವವನು ಅವನೇ. ನಾವು ಹೇಳಿದ್ದು ಕೇಳಿ ಗಡ್ಡ ಕೆರೆದುಕೊಂಡ.

"ಸತ್ತವರ ಸುದ್ದಿ ಬಹಳ ಹೇಳೀನ್ರಿ ಅಮ್ಮಾ. ಜಿಂದಾ ಹಾನ ಅಂತ ಇದುವರೆಗೂ ಯಾರೂ ಹೇಳಿಸಿಲ್ಲ."

ಮನ್ನಾಏಖೇಳ್ಳಿಯ ಓಣಿ ಓಣಿ ತಿರುಗಿದೆವು. ಜಗದೇವಿ ಮುಂದೆ ಕೂತಿದ್ದಳು, ಎಲ್ಲರಿಗೂ ಕಾಣಲಿ ಎಂದು. ಪಾಪ, ಖಾಜಾಮಿಯಾನ ತಪ್ಪೇನೂ ಇಲ್ಲ, ಮೈಕು ಹಿಡಿದ ಕೂಡಲೇ ಅವನ ದನಿ ರೂಢಿಯಂತೆ ಶೋಕಕ್ಕೆ ಇಳಿಯುತ್ತಿತ್ತು. "ಎಲ್ಲಾ ಬಾಂಧವರಿಗೆ ತಿಳಿಸುವುದೇನಂದರೆ, ಭೀಮವ್ವನವರ ಮಗ ಮಾಳಪ್ಪನವರು ಜೀವಂತ ಇರುತ್ತಾರೆ" ಎಂದು ಎಳೆದೆಳೆದು ಹೇಳುವಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಬರುತ್ತಿದ್ದರು. ಅರ್ಧ ಊರು ನಂಬಿತು. ಇನ್ನರ್ಧ ಊರು, ಅದರ ಹಿಂದೆಯೇ ಬಂದ ನಾಗರ ಪಂಚಮಿಗೆ ಮುತ್ತೈದೆಯರ ಸಂಗಡ ಹಾಲೆರೆಯಲು ಜಗದೇವಿಯನ್ನು ಕರೆಯಲಿಲ್ಲ.

ಆ ಸುಳ್ಳು ಊರೊಳಗೇ ನಿಂತಿದ್ದರೂ ಆಗುತ್ತಿತ್ತು. ಆದರೆ ಸಾವಿನ ಸುದ್ದಿ ಕೇಳಿ ಗಡಿಯಾಚೆಯಿಂದ ಒಬ್ಬಳು ಬಂದಳು. ಮಾಳಿಗೆಯ ಮೇಲೆ ಸತ್ತನಲ್ಲ ಆ ಕೂಲಿಯವನು, ಅವನ ಹೆಂಡತಿ ಸುರೇಖಾ. ಬರಿ ಹಣೆ, ಬರಿ ಕೈ. ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಬಂದು, ನಾವು ಅವನು ಸತ್ತಿಲ್ಲ ಎಂದ ಮೇಲೂ ಅಳು ನಿಲ್ಲಿಸಲಿಲ್ಲ.

"ನನ್ನ ಮಾಲಕ ಹ್ಯಾಂಗ ಸತ್ತ ಅಂತ ಖರೆ ಹೇಳಿದವರು ತುಮಚೆ ಮಾಲಕ ಒಬ್ಬರೇ ಅಕ್ಕಾ. ಅವರ ಮ್ಯಾಲೆನೂ ಸುಳ್ಳ ಬರದಾರಾ?" ಎಂದು, ಗಂಡನಿಗೆ ಮಾಲಕ ಎನ್ನುವ ತನ್ನ ಕಡೆಯ ಮಾತಿನಲ್ಲಿ, ಮರಾಠಿ ಕನ್ನಡ ಕೂಡಿಸಿ ಅಂದಳು.

ಜಗದೇವಿ ಅವಳಿಗೆ ರೊಟ್ಟಿ ಬಡಿದು ಕೊಟ್ಟಳು. ಇಬ್ಬರೂ ಒಲೆಯ ಮುಂದೆ ಕೂತಿದ್ದರು. ನಾನು ಅಲ್ಲಿ ಹೆಚ್ಚು ಹೊತ್ತು ಇರಲಾಗದೆ ಎದ್ದು ಬಂದೆ.

ಅಷ್ಟರಲ್ಲಿ ಅಧ್ಯಕ್ಷರಿಂದ ಕರೆ ಬಂತು. ಜಗದೇವಿಯನ್ನು ಕರೆದುಕೊಂಡು ಬನ್ನಿ, ಮುಖ್ಯ ಅತಿಥಿಗಳು ಮನಸ್ಸು ಮಾಡಿದ್ದಾರೆ ಎಂದರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಲ್ಯಾಣದ ಅವರ ಮನೆಯ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಹೊರಗೆ ಹಂಚಿನಿಂದ ನೀರು ಸುರಿಯುತ್ತಿತ್ತು. ಪತ್ರ ತಯಾರಾಗಿದೆ, ಅವರು ಸಹಿ ಹಾಕಿದರೆ ನೇರ ದಿಲ್ಲಿಗೆ ಹೋಗುತ್ತದೆ ಎಂದರು. ಒಂದೇ ಒಂದು ಸಣ್ಣ ವಿಷಯ ಇತ್ತು.

"ಮುಂದಿನ ಸಭಾದಾಗ ವೇದಿಕೆ ಮ್ಯಾಲೆ ಬಂದು ಒಂದು ಮಾತು ಹೇಳ್ರಿ ತಾಯಿ. ತಿಳೀದೆ ಹಾರ ತೆಗದೆ, ಮಾಫಿ ಮಾಡ್ರಿ ಅಂತ. ಅಷ್ಟಕ್ಕ ಅವರು ಸಹಿ ಮಾಡ್ತಾರ."

"ಗೊತ್ತಿದ್ದೇ ತಗದೀನ್ರಿ," ಅಂದ ಜಗದೇವಿಯ ದನಿ ಶಾಂತವಾಗಿತ್ತು.

"ಖರೆ ಇರಬಹುದು. ಆದ್ರ ಮಾಫಿ ಕೇಳಿದ್ರ ನಿಮ್ಮ ಗಂಟೇನು ಹೋಗ್ತದ? ಒಂದ ಮಾತು ಅಷ್ಟ."

ನಾನು ಜಗದೇವಿಯ ಮುಖ ನೋಡಿದೆ. ಕೇಳಿಬಿಡು ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಗಂಡ ಮನೆಗೆ ಬರುವುದಿದ್ದರೆ ಹಾರಕ್ಕೊಂದು ಮಾಫಿ ಯಾವ ಲೆಕ್ಕ? ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಅಲ್ಲಿನೂ ಅವರಿಗಿ ಹಿಂಗೇ ಅಂತಾರಂತ್ರಿ ಸಾಹೇಬ್ರ. ಒಂದ ಮಾತು ಅಷ್ಟ, ನಿನ್ನ ಗಂಟೇನು ಹೋಗ್ತದ ಅಂತ. ಆ ಜೈಲಿನವರು, ನೀವು, ಒಂದೇ ಸಾಲಿ ಕಲ್ತೀರೇನು? ನಾನೂ ಅವರಿಗಿ ಹಂಗೇ ಅಂದಿದ್ದೆ, ಹಾಕ್ರೀ ಸಹಿ ಅಂತ. ಕೂತು ಕೇಳಿದಾಗ ತಿಳೀತು ನೋಡ್ರಿ."

ಎದ್ದು ಹೊರಟೇಬಿಟ್ಟಳು. ಮಳೆಯಲ್ಲಿ ಅವಳ ಹಿಂದೆ ನಾನೂ ಓಡಿದೆ. ಪತ್ರ ದಿಲ್ಲಿಗೆ ಹೋಗಲಿಲ್ಲ. ಮುಂದಿನ ತಿಂಗಳು ಸಮಿತಿ ಇನ್ನೊಂದು ದೇಶದ ಇನ್ನೊಬ್ಬ ಪತ್ರಕರ್ತನ ಫೋಟೋ ಕುರ್ಚಿಯ ಮೇಲೆ ಇಟ್ಟಿತಂತೆ. ಮಾಳಪ್ಪನ ಫೋಟೋ ಎಲ್ಲಿಡುವುದು ಎಂದು ತಿಳಿಯದೆ ಗೋಡೆಗೆ ಮೊಳೆ ಹೊಡೆದರು. ಹಾರ ಬಿದ್ದ ಫೋಟೋವನ್ನು ಕೆಳಗೆ ಇಡಬಾರದಲ್ಲ.

ಮಹಾನವಮಿ ಅಮಾವಾಸ್ಯೆಗೆ ಮುಂಚೆ ಜೈಲಿನಿಂದ ಫೋನು ಬಂತು. ಈ ಸಲ ಜಗದೇವಿ ಬೇಡಲಿಲ್ಲ. ನಡೆದದ್ದನ್ನು ಹೇಳಿದಳು, ಹಾರದ ವಿಷಯಕ್ಕೆ ಅವನು ಜೋರಾಗಿ ನಕ್ಕನಂತೆ. ಕೊನೆಗೆ "ಸಹಿ ಮಾಡಬ್ಯಾಡ್ರಿ" ಅಂದಳು. ಇದನ್ನು ಅವಳೇ ನನಗೆ ಹೇಳಿದಳು. ಆಮೇಲೆ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು. ಭೀಮವ್ವ ಕೇಳಿಸಿಕೊಂಡು, ಫೋನನ್ನು ಮೆಲ್ಲಗೆ ದೂರ ತಳ್ಳಿದಳು.

"ಯಾರೋ ಪುಣ್ಯಾತ್ಮ ನನ್ನ ಸಮಾಧಾನಕ್ಕ ಮಾತಾಡಾಕತ್ಯಾನ. ನನ್ನ ಮಗಗ ಹಾರ ಬಿದ್ದದ್ದು ಮೊಬೈಲಿನಾಗ ನಾ ಕಣ್ಣಾರೆ ನೋಡೀನವ್ವ."

ಅವಳ ಮಟ್ಟಿಗೆ ಮಗ ಮುಗಿದಿದ್ದ. ಅನ್ನ ಬಿಟ್ಟಳು, ಆಡಿದ್ದನ್ನೇ ಆಡಿದಳು, ಬನ್ನಿ ಮುಡಿಯುವ ದಿನಕ್ಕೆ ಎರಡು ದಿನ ಮೊದಲು ಸತ್ತಳು. ಸಮಿತಿಯ ಪರವಾಗಿ ಅಧ್ಯಕ್ಷರು ಮಣ್ಣಿಗೆ ಬಂದರು, ಕೈಯಲ್ಲಿ ಚೆಂಡುಹೂವಿನ ಹಾರ. ಈ ಸಲ ಹಾರ ಸರಿಯಾದ ವಿಳಾಸಕ್ಕೆ ಬಂದಿದೆ ಎಂದು ಅವರಿಗೆ ಕೇಳುವಂತೆಯೇ ಅಂದೆ. ಅಂದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ಇದೆಲ್ಲ ನೆನಪಾಗುತ್ತ ನಾನು ಗೋಡೆಯ ಮುಂದೆ ನಿಂತೇ ಇದ್ದೆ. ಒಳಗೆ ಗೆಳತಿಗೆ ಶಾಲು ಹೊದಿಸುತ್ತಿದ್ದರು. ಒಂದು ಕುರ್ಚಿ ಎಳೆದುಕೊಂಡು, ಈ ವಯಸ್ಸಿನಲ್ಲಿ ಅದರ ಮೇಲೆ ಹತ್ತಿ, ಹಾರ ತೆಗೆದು ಆ ಭವನ ನೋಡಿಕೊಳ್ಳುವವನ ಕೈಗೆ ಕೊಟ್ಟೆ. ಫೋಟೋ ಕೂಡ ಇಳಿಸಿದೆ.

"ಕಮಿಟಿಯವರು ಕೇಳಿದ್ರ ಏನಂತ ಹೇಳ್ಲಿರಿ?"

"ಸತ್ತವನು ಎದ್ದು ಹೋದ ಅಂತ ಹೇಳು."

ಸೀರೆಯ ಸೆರಗಿನಲ್ಲಿ ಫೋಟೋ ಸುತ್ತಿಕೊಂಡು ಬಸ್ಸು ಹತ್ತಿದೆ. ಮನ್ನಾಏಖೇಳ್ಳಿಯಲ್ಲಿ ಇಳಿದಾಗ ಮಳೆ ಬಿಟ್ಟಿತ್ತು. ಜಗದೇವಿ ಹಟ್ಟಿಯಲ್ಲಿ ಕುರಿಯ ಗೊರಸಿಗೆ ಎಣ್ಣೆ ಹಚ್ಚುತ್ತಿದ್ದಳು. ಹಣೆಯಲ್ಲಿ ಕುಂಕುಮ ಇತ್ತು. ಕೂದಲು ಅಲ್ಲಲ್ಲಿ ನರೆತಿತ್ತು. ಫೋಟೋ ಮುಂದೆ ಹಿಡಿದೆ. ಕೂಡಲೇ ಮುಟ್ಟಲಿಲ್ಲ, ಮೊದಲು ಕೈ ತೊಳೆದು ಬಂದಳು. ಗಾಜಿನ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು, ಹೆತ್ತವರು ಕೂಸಿನ ಮುಖ ಒರೆಸುವಂತೆ, ತಿಕ್ಕಿ ತಿಕ್ಕಿ ತೆಗೆದಳು.

"ಅವರು ಬರಾಕ ಇನ್ನ ಎರಡು ಮಳಿಗಾಲ ಅದಾವ್ರಿ," ಅಂದಳು. "ಸುರೇಖಾಗ ಕೋರ್ಟಿನಾಗ ಗೆದ್ದಂಗ ಆಗ್ಯಾದ ಅಂತ. ಇವರ ಮಾತೇ ಹಿಡದಾರಂತ."

ಅದನ್ನು ಹೇಳುವಾಗ ಅವಳ ಮುಖದಲ್ಲಿ ಖುಷಿ ಇತ್ತೋ ಸಂಕಟ ಇತ್ತೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಫೋಟೋವನ್ನು ಗೋಡೆಗೆ ಹಾಕಲಿಲ್ಲ. ಮಡಿಚಿಟ್ಟ ಕಂಬಳಿಯ ಮೇಲೆ, ಚಾರ್ಜಿಗೆ ಹಾಕಿದ್ದ ಮೊಬೈಲಿನ ಪಕ್ಕ ನಿಲ್ಲಿಸಿದಳು. ಇವತ್ತು ಫೋನು ಬರುವ ದಿನ, ಸುಮ್ಮನೆ ಕೂಡ್ರಿ ಎಂದಳು.

ಬಂತು. ಕೈ ಒರೆಸಿಕೊಂಡು ಎತ್ತಿದಳು. ಹಲೋ ಅನ್ನಲಿಲ್ಲ, ಹ್ಯಾಂಗಿದ್ದೀರಿ ಅನ್ನಲಿಲ್ಲ.

"ಸಹಿ ಮಾಡಿಲ್ಲ ಹೌದಿಲ್ರೀ?" ಎಂದು ಕೇಳಿದಳು.

ಅತ್ತಲಿಂದ ಏನು ಹೇಳಿದನೋ, ಕೇಳಿಸಿಕೊಂಡು "ಹೂಂ" ಅಂದಳು. "ಮಾಡಬ್ಯಾಡ್ರಿ" ಅಂದಳು. ಅಂದು, ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡು, ಅದರ ಎದುರು ನೆಲಕ್ಕೆ ಕೂತಳು.